ಇಲ್ಲ ರಿಪೀಟ್ ಇಲ್ಲ

ಅವರ ಬಲಗೈಯ ಕಿರುಬೆರಳು ಮೊದಲ ಗೆಣ್ಣಿನಿಂದ ಒಳಕ್ಕೆ ಬಾಗಿತ್ತು. ಮುಷ್ಟಿ ಬಿಚ್ಚಿದರೂ ಆ ಬೆರಳೊಂದು ಬಿಚ್ಚುತ್ತಿರಲಿಲ್ಲ. ಯಾವುದೋ ಕೀಲಿಯನ್ನು ಒತ್ತಲು ಕಾದಿರುವಂತೆ ಗಾಳಿಯಲ್ಲಿ ನಿಂತಿರುತ್ತಿತ್ತು. ಬಲಗೈ ಎಂದು ಬರೆದೆ. ಎಡಗೈ ಇದ್ದರೂ ಇರಬಹುದು. ನಾನು ಯಾವಾಗಲೂ ಅವರ ಎದುರಿಗೆ ಕೂರುತ್ತಿದ್ದೆನಾದ್ದರಿಂದ ನೆನಪು ಕನ್ನಡಿಯ ಹಾಗೆ ತಿರುಗಿಸಿಟ್ಟುಕೊಂಡಿರಬಹುದು. ಇಂಥ ತಪ್ಪುಗಳು ಮುಂದೆಯೂ ಬರುತ್ತವೆ. ಆ ವರ್ಷಗಳಲ್ಲಿ ನಾನು ತಪ್ಪದೆ ದಿನಚರಿ ಬರೆಯುತ್ತಿದ್ದೆ. ಹಾಗಾಗಿ ಎಲ್ಲವೂ ನನ್ನ ಬಳಿ ಭದ್ರವಾಗಿದೆ ಎಂದು ಬಹಳ ಕಾಲ ನಂಬಿದ್ದೆ. ಈಗ ಆ ನೋಟ್‌ಬುಕ್ಕುಗಳನ್ನು ತೆಗೆದರೆ ಬೇಕಾದದ್ದು ಒಂದೂ ಇಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಯಾರು ಯಾರ ವಡಾಪಾವ್ ಕಸಿದರು ಎಂಬುದಿದೆ. ಆ ಬೆರಳು ಯಾವ ಕೈಯದು ಎಂಬುದಿಲ್ಲ.

ಬಾಂಬೆಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಅವರನ್ನು ಎಲ್ಲರೂ ಟೆಲೆಕ್ಸ್ ಮಾಮಾ ಎನ್ನುತ್ತಿದ್ದರು. ಎದುರುಮನೆಯ ಗುಜರಾತಿ ಅಜ್ಜಿಯೂ, ಹಾಲಿನ ಭಯ್ಯಾನೂ. ಅವರು ಮತ್ತು ಮಾಮಿ ಒಂದನೇ ಮಹಡಿ. ನಾವು, ಅಂದರೆ ಅಪ್ಪ, ಅಮ್ಮ, ನಾನು ಮತ್ತು ಮದುವೆಯಾಗದ ಚಿಕ್ಕಪ್ಪ, ಮೂರನೆಯದರಲ್ಲಿ. ಮಾಮಾ ಮತ್ತು ಚಿಕ್ಕಪ್ಪ ಇಬ್ಬರೂ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಒಂದೇ ಕಂಪನಿಗೆ ಹೋಗುತ್ತಿದ್ದರು. ಬಟ್ಟೆಗೆ ಬಣ್ಣ ಹಾಕಿ ಹೊರದೇಶಕ್ಕೆ ಕಳಿಸುವ ಕಂಪನಿ. ಚಿಕ್ಕಪ್ಪ ಅಲ್ಲಿ ಲೆಕ್ಕಪತ್ರ ವಿಭಾಗ. ಮಾಮಾ ಟೆಲೆಕ್ಸ್ ಆಪರೇಟರ್.

ಟೆಲೆಕ್ಸ್ ಎಂದರೇನು ಎಂದು ಈಗಿನವರಿಗೆ ಹೇಳಬೇಕಾಗುತ್ತದೆ. ಇಲ್ಲಿ ಒಂದು ದೊಡ್ಡ ಟೈಪ್‌ರೈಟರಿನಲ್ಲಿ ಹೊಡೆದದ್ದು ರೋಟರ್ಡ್ಯಾಮಿನಲ್ಲಿರುವ ಇನ್ನೊಂದರಲ್ಲಿ ತಾನೇ ಹೊಡೆದುಕೊಳ್ಳುತ್ತಿತ್ತು. ಮೊದಲು ಸಂದೇಶವನ್ನು ಹಳದಿ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಇಳಿಸಿ ಆಮೇಲೆ ಕಳಿಸುತ್ತಿದ್ದರು. ಮಾಮಾ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನಾವು ಪೇಪರ್ ಓದುವಷ್ಟು ಸಲೀಸಾಗಿ ಓದುತ್ತಿದ್ದರು. ತೂತು ಹೊಡೆದಾಗ ಉದುರಿದ ಹಳದಿ ಚುಕ್ಕೆಗಳನ್ನು ಸಂಜೆ ಪೊಟ್ಟಣ ಕಟ್ಟಿ ತರುವರು. ಗಣಪತಿ ವಿಸರ್ಜನೆಯ ದಿನ ಬಿಲ್ಡಿಂಗಿನ ಮಕ್ಕಳು ಗುಲಾಲಿನ ಜೊತೆ ಅದನ್ನೂ ಎರಚುವರು. ಬೆವರಿದ ಕತ್ತಿಗೆ ಅಂಟಿಕೊಂಡರೆ ಎರಡು ದಿನ ಬಿಡುತ್ತಿರಲಿಲ್ಲ.

ಮಾಮಾ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಮಾತಾಡುವಾಗ ಬೆರಳುಗಳು ಮೊಣಕಾಲಿನ ಮೇಲೆ ಟೈಪ್ ಮಾಡುತ್ತಿರುತ್ತಿದ್ದವು. ಲೋಕಲ್‌ನಲ್ಲಿ ಹಿಡಿಕೆ ಹಿಡಿದು ನಿಂತರೆ ಹಿಡಿಕೆಯ ಮೇಲೆ. ಮಾಮಿ ಒಮ್ಮೆ ಅಮ್ಮನ ಬಳಿ ದೂರಿದ್ದರು: "ನಿದ್ದೇಲೂ ನನ್ನ ಬೆನ್ನ ಮೇಲೆ ಯಾವ ದೇಶಕ್ಕೋ ಮೆಸೇಜು ಕಳಿಸ್ತಾರೆ ಕಣ್ರೀ. ಏನು ಬರೀತಾರೋ, ಯಾರಿಗೆ ಬರೀತಾರೋ."

ಅವರಿಗೆ ಮೂರು ನಿಯಮಗಳಿದ್ದವು, ಅಥವಾ ನನಗೆ ಮೂರು ನೆನಪಿವೆ. ಆಪರೇಟರಿಗೆ ಕಣ್ಣಿದೆ, ಬಾಯಿಲ್ಲ: ಕೊಟ್ಟದ್ದನ್ನು ಕಳಿಸಬೇಕು, ಅದರ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳಬಾರದು. ಕಳಿಸಿದ ಪ್ರತಿಯೊಂದರ ನಕಲೂ ಫೈಲಿಗೆ ಸೇರಬೇಕು, ಅದು ಮಾಲೀಕನ ಹೆಂಡತಿಯ ಹುಟ್ಟುಹಬ್ಬದ ಶುಭಾಶಯವಾದರೂ. ಮೂರನೆಯದು 'ಇಲ್ಲ' ಎಂಬ ಮಾತಿನದು. ತಂತಿ ಕಳಿಸುವವರ ಹಳೆಯ ಪದ್ಧತಿಯಂತೆ, ವಾಕ್ಯದಲ್ಲಿ 'ನಾಟ್' ಬಂದರೆ ಅದನ್ನು 'ನಾಟ್ ರಿಪೀಟ್ ನಾಟ್' ಎಂದು ಎರಡು ಸಲ ಹೊಡೆಯಬೇಕು. ದಾರಿಯಲ್ಲಿ ಒಂದು ಬಿದ್ದುಹೋದರೂ ಇನ್ನೊಂದು ಉಳಿಯಲಿ ಎಂದು. ಹುಡುಗನಾಗಿದ್ದಾಗ ಅರಸೀಕೆರೆಯ ತಂತಿ ಕಚೇರಿಯಲ್ಲಿ ಕೆಲಸ ಕಲಿಯುವಾಗ, ಒಂದು 'ನಾಟ್' ಬಿದ್ದುಹೋಗಿ, 'ಬರಬೇಡಿ' ಎಂದು ಕಳಿಸಿದ್ದಕ್ಕೆ ಇಡೀ ದಿಬ್ಬಣ ಬಂದಿಳಿದ ಕತೆಯನ್ನು ಅವರು ಹತ್ತಾರು ಸಲ ಹೇಳಿದ್ದರು. "ಹುಡುಗಿಗೆ ಸಿಡುಬು. ಪ್ಲಾಟ್‌ಫಾರ್ಮ್ ಮೇಲೆ ನಲವತ್ತು ಜನ, ವಾಲಗದವರು ಬೇರೆ. ಯಾರು ತಿಂದಿದ್ದು ಏಟು? ನಾನು."

ಆ ಅಭ್ಯಾಸ ಯಂತ್ರದಿಂದ ಇಳಿದು ಬಾಯಿಗೂ ಬಂದಿತ್ತು. ಮಾಮಿ ಇನ್ನೊಂದು ಸೌಟು ಹುಳಿ ಬಡಿಸಲು ಬಂದರೆ, "ಬೇಡ ರಿಪೀಟ್ ಬೇಡ." ಚಂದಾ ಕೇಳಲು ಬಂದವರಿಗೆ, "ನಹೀ ರಿಪೀಟ್ ನಹೀ." ನಾವು ಮಕ್ಕಳು ಮೆಟ್ಟಿಲ ಮೇಲೆ ಅವರನ್ನು ಅಣಕಿಸುತ್ತಿದ್ದೆವು. ಅವರಿಗೆ ಗೊತ್ತಿತ್ತು. "ಏಯ್, ಅಣಕಿಸೋದಾದ್ರೆ ಸರಿಯಾಗಿ ಅಣಕಿಸ್ರೋ. ರಿಪೀಟ್‌ಗೆ ಮುಂಚೆ ಉಸಿರು ತಗೋಬಾರದು."

ತೊಂಬತ್ತೊಂದರಲ್ಲಿ ಎಂದುಕೊಳ್ಳುತ್ತೇನೆ, ಕಂಪನಿಗೆ ಕಂಪ್ಯೂಟರ್ ಬಂತು. ಫೋನಿನ ತಂತಿಗೆ ಸಿಕ್ಕಿಸಿದರೆ ಅದು ಕಿರುಚಿ, ಉಗುಳಿ, ಆಮೇಲೆ ಹೊರದೇಶದ ಕಂಪ್ಯೂಟರುಗಳ ಜೊತೆ ಮಾತಾಡುತ್ತಿತ್ತು. ಮಾಲೀಕ, ಎಲ್ಲರೂ ಸೇಠ್ ಎನ್ನುತ್ತಿದ್ದ ಮೂವತ್ತೈದರ ಯುವಕ, ಇನ್ನು ಟೆಲೆಕ್ಸ್ ಎಷ್ಟು ದಿನವೋ ಎಂದು ಎಲ್ಲರೆದುರೇ ಅಂದನಂತೆ. ಮಾಮಾಗೆ ಆಗ ಐವತ್ತೈದು. ನಿವೃತ್ತಿಗೆ ಮೂರು ವರ್ಷ ಇತ್ತು. ಆ ತಿಂಗಳು ಅವರ ಬೆರಳುಗಳು ಮೊಣಕಾಲಿನ ಮೇಲೆ ಕೂಡ ತಪ್ಪು ಹೊಡೆಯುತ್ತಿದ್ದವು. ಆಮೇಲೆ ಒಂದು ದಿನ ಸೇಠನ ಬಳಿ ಹೋಗಿ, ಭಾನುವಾರ ಕಚೇರಿಯ ಬೀಗ ತೆಗೆದು ಪ್ರಾಕ್ಟೀಸ್ ಮಾಡಬಹುದೇ ಎಂದು ಕೇಳಿದರು. ಸೇಠ್ ಒಪ್ಪಿದ. ಒಪ್ಪಿದ್ದು ಪ್ರಾಕ್ಟೀಸಿಗೆ. ಅಷ್ಟಕ್ಕೇ.

ಅದೇ ಸುಮಾರಿಗೆ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಕಾಗದ ಬಂತು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ, ಅದಕ್ಕೆ ಏನು ಮಾಡಬಹುದೆಂಬ ಬಗ್ಗೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಕಂಪ್ಯೂಟರ್ ಮೂಲಕ ಚರ್ಚೆ ನಡೆಸುತ್ತಾರೆ, ಸೇರಬಯಸುವವರು ಈ ವಿಳಾಸಕ್ಕೆ ಸಂದೇಶ ಕಳಿಸಿ ಎಂದು. ಕಾಲೇಜಿನಲ್ಲಿ ಎರಡು ಕಂಪ್ಯೂಟರ್ ಇದ್ದವು, ಅವಕ್ಕೆ ಫೋನ್ ಇರಲಿಲ್ಲ. ಪ್ರೊಫೆಸರು ಕಾಗದದ ಕೆಳಗೆ ಪೆನ್ಸಿಲಿನಲ್ಲಿ 'ಸಾಧ್ಯವಿಲ್ಲ' ಎಂದು ಬರೆದುಬಿಟ್ಟರು. ಆ ಪೆನ್ಸಿಲಿನ ಅಕ್ಷರ ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನೇ ಕಿತ್ತುಕೊಂಡು ಬಂದೆ.

ಮಾಮಾ ಅದನ್ನು ಎರಡು ಸಲ ಓದಿದರು. "ಒಟ್ಟು ಎಷ್ಟು ದೇಶ?"

"ಹನ್ನೊಂದೋ ಹನ್ನೆರಡೋ."

"ನಂಗೆ ಇವತ್ತಿನವರೆಗೆ ಬಂದಿರೋ ಮೆಸೇಜೆಲ್ಲ ಒಂದೇ. ಮಾಲು ಯಾವಾಗ, ಮಾಲು ಯಾಕೆ ತಡ, ಮಾಲಿನ ಬಣ್ಣ ಬಿಡ್ತಿದೆ." ಬಾಗಿದ ಬೆರಳಿನಿಂದ ಕಾಗದವನ್ನು ತಟ್ಟಿದರು. "ಹೇಗಿದ್ರೂ ಪ್ರಾಕ್ಟೀಸ್ ತಾನೇ. ಬನ್ನಿ. ಆದ್ರೆ ಟೈಪ್ ಮಾಡೋದು ನಾನು. ನೀವು ಒಂದೊಂದೇ ಅಕ್ಷರ ಹುಡುಕ್ತಾ ಕೂತ್ರೆ ಲೈನು ಮುದುಕಿ ಆಗುತ್ತೆ."

ಹೀಗೆ ಶುರುವಾಯಿತು. ನಾವು ಮೂವರು: ನಾನು, ದಾದರಿನ ಚಾಳಿನಿಂದ ಬರುತ್ತಿದ್ದ ನನ್ನ ಗೆಳತಿ ವೈಶಾಲಿ, ಮತ್ತು ಸಾಂತಾಕ್ರೂಜ್ ಸ್ಟೇಷನ್ನಿನ ಬಳಿ ಅಪ್ಪನ ಹೋಟೆಲಿದ್ದ ಗಣೇಶ. ಭಾನುವಾರ ಬೆಳಿಗ್ಗೆ ಮಾಮಾ ಮತ್ತು ನಾನು ಘಾಟ್ಕೋಪರಿನಿಂದ ದಾದರಿಗೆ ಹೋಗಿ, ಸೇತುವೆ ಹತ್ತಿಳಿದು ವೆಸ್ಟರ್ನ್ ಲೈನು ಹಿಡಿಯುತ್ತಿದ್ದೆವು. ವೈಶಾಲಿ ಅಲ್ಲೇ ಸೇರುವಳು. ಗಣೇಶ ಸಾಂತಾಕ್ರೂಜಿನಲ್ಲಿ ಇಡ್ಲಿಯ ಪೊಟ್ಟಣದೊಂದಿಗೆ ಹತ್ತುವನು. ಇಡೀ ಹಾದಿ ಜಗಳ. ಯಾವ ವಾಕ್ಯ ಮೊದಲು, ಯಾರ ವಾಕ್ಯ ದಡ್ಡತನದ್ದು.

ಹೊರಗಿನವರ ಹೆಸರುಗಳು ನನಗೆ ಸರಿಯಾಗಿ ನೆನಪಿಲ್ಲ, ದೇಶಗಳು ನೆನಪಿವೆ. ಡೆನ್ಮಾರ್ಕಿನ ಹುಡುಗಿ, ಕೀನ್ಯಾದ ಹುಡುಗ, ಚಿಲಿಯ ಶಾಲೆಯೊಂದರ ನಾಲ್ಕೈದು ಮಂದಿ. ಸೈಕಲ್ ಹೊಡೆಯಿರಿ, ಮರ ನೆಡಿರಿ, ಬಿಸಿಲಿನ ಒಲೆಯಲ್ಲಿ ಅಡುಗೆ ಮಾಡಿ ಎಂದು ಅವರ ಸಲಹೆಗಳು ಬರುತ್ತಿದ್ದವು. ಬಿಸಿಲಿನ ಒಲೆಯ ವಿಷಯಕ್ಕೆ ವೈಶಾಲಿ ಕೆರಳಿದಳು. ಅವಳ ಚಾಳಿನ ಪಡಸಾಲೆಗೆ ದಿನಕ್ಕೆ ನಲವತ್ತು ನಿಮಿಷ ಬಿಸಿಲು ಬರುತ್ತದೆ, ಅದರಲ್ಲಿ ಒಂಬತ್ತು ಮನೆಯವರ ಹಪ್ಪಳವೂ ಬಟ್ಟೆಯೂ ಒಣಗಬೇಕು, ಇನ್ನು ಅನ್ನ ಎಲ್ಲಿ ಬೇಯಿಸುವುದು ಎಂದು ಬರೆಸಿದಳು. ಕೀನ್ಯಾದವನು ಅದಕ್ಕೆ, ನಮ್ಮ ಊರಿನಲ್ಲಿ ಬಿಸಿಲು ಬೇಕಾದಷ್ಟಿದೆ, ಆದರೆ ಅಜ್ಜಿ ಹೊರಗೆ ಅಡುಗೆ ಮಾಡಲು ನಾಚುತ್ತಾಳೆ ಎಂದು ಉತ್ತರಿಸಿದ. ಆ ದಿನ ನಮಗೆ ಜಗತ್ತು ಮೊದಲ ಸಲ ಪರಿಚಯವಾದಂತಾಗಿತ್ತು.

'ಗ್ರೀನ್‌ಹೌಸ್' ಎಂಬ ಮಾತು ಅವರ ಪ್ರತಿ ಸಂದೇಶದಲ್ಲೂ ಇರುತ್ತಿತ್ತು. ನಾವು ಮೂವರೂ ಅಂಥ ಗಾಜಿನ ಮನೆಯನ್ನು ಕಂಡವರಲ್ಲ. ಅದೊಂದು ಭಾನುವಾರ ಜೋರು ಮಳೆ. ದಾದರಿನಿಂದ ಹೊರಟ ಡಬ್ಬಿಯ ಶಟರುಗಳನ್ನೆಲ್ಲ ಎಳೆದಿದ್ದರು. ಒದ್ದೆ ಬಟ್ಟೆ, ಬೆವರು, ಯಾರದೋ ಬುಟ್ಟಿಯ ಮೀನು. ಉಸಿರು ಕಟ್ಟುತ್ತಿತ್ತು. ಮಾಮಾ ಹಿಡಿಕೆಗೆ ಜೋತುಕೊಂಡೇ ಹೇಳಿದರು: "ಇದೇ ಅಲ್ವೇನಮ್ಮ ನಿಮ್ಮ ಗ್ರೀನ್‌ಹೌಸು? ಎಲ್ಲರ ಉಸಿರೂ ಒಳಗೇ. ಕಿಟಕಿ ತೆಗೀರಪ್ಪಾ ಅಂದ್ರೆ ಕಿಟಕಿ ಪಕ್ಕ ಕೂತವನು, ನಾನು ಒದ್ದೆ ಆಗ್ತೀನಿ ಅಂತಾನೆ. ಸೀಟು ಸಿಕ್ಕಿರೋದು ಅವನಿಗೆ. ಸಾಯೋದು ಮಧ್ಯ ನಿಂತಿರೋ ನಾವು."

"ಮಾರಾಯ್ರೇ, ಇದನ್ನೇ ಕಳಿಸುವ," ಎಂದ ಗಣೇಶ.

"ನನ್ನ ಮಾತು ಬೇಡ ರಿಪೀಟ್ ಬೇಡ. ನಾನು ಆಪರೇಟರು."

ಆದರೂ ಕಳಿಸಿದೆವು. ಅದಕ್ಕೆ ಬಂದ ಉತ್ತರಗಳಿಗಿಂತ ಹೆಚ್ಚು ಗದ್ದಲವೆಬ್ಬಿಸಿದ್ದು ಇನ್ನೊಂದು ಸಂದೇಶ. ನೀವು ಕಟ್ಟಿದಂತೆ ನಾವು ನಮ್ಮ ನಗರಗಳನ್ನು ಕಟ್ಟಬಾರದು ಎಂದು ನಾನು ಇಂಗ್ಲಿಷಿನಲ್ಲಿ ಬರೆದಿದ್ದೆ. ಮಾಮಾ ತಮ್ಮ ನಿಯಮದಂತೆ 'ವೀ ಶುಡ್ ನಾಟ್ ರಿಪೀಟ್ ನಾಟ್' ಎಂದು ಹೊಡೆದು ಕಳಿಸಿದರು. ಮುಂದಿನ ವಾರ ಡೆನ್ಮಾರ್ಕಿನ ಹುಡುಗಿಯ ಪುಟದುದ್ದದ ಉತ್ತರ. 'ವೀ ಶುಡ್ ನಾಟ್ ರಿಪೀಟ್' ಎಂಬಲ್ಲಿಗೇ ಅವಳು ವಾಕ್ಯ ಮುಗಿಸಿಕೊಂಡಿದ್ದಳು. ನಾವು ಪುನರಾವರ್ತಿಸಬಾರದು! ಬಾಂಬೆಯಿಂದ ಬಂದ ಈ ಒಂದು ವಾಕ್ಯವನ್ನು ಅವರ ಶಾಲೆಯಲ್ಲಿ ಒಂದು ಸಂಜೆಯೆಲ್ಲ ಚರ್ಚಿಸಿದರಂತೆ, ಗೋಡೆಯ ಮೇಲೆ ಬರೆದಿದ್ದಾರಂತೆ. ಪೂರ್ವದೇಶದ ವಿವೇಕ ಎಂಬರ್ಥದ ಏನೋ ಮಾತೂ ಇತ್ತು.

ಮಾಮಾ ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅರಸೀಕೆರೆ ದಿಬ್ಬಣ ಡೆನ್ಮಾರ್ಕ್‌ಗೆ ಹೋಗಿ ಇಳೀತಲ್ಲೇ!" ಆಮೇಲೆ ನಗು ನಿಂತಿತು. "ಆದ್ರೆ ಅರ್ಥ ಬದಲಾಯ್ತಲ್ಲಮ್ಮ. ತಿದ್ದಿ ಕಳಿಸ್ಬೇಕು."

ನಾವು ಮೂವರೂ ಗೋಗರೆದೆವು. ಅಷ್ಟು ಚೆನ್ನಾಗಿರುವ ತಪ್ಪನ್ನು ಯಾರಾದರೂ ತಿದ್ದುತ್ತಾರೆಯೇ? ಅವರು ಕಂಪ್ಯೂಟರ್ ಆರಿಸಿ ಬೀಗದ ಕೈ ತೆಗೆದುಕೊಂಡರು. ಮರುವಾರ ಹೋಗಿ ನೋಡಿದರೆ ಫೈಲಿನಲ್ಲಿ ಒಂದು ನಕಲು. ವಾರದ ಮಧ್ಯೆ, ಒಬ್ಬರೇ, ಕ್ಷಮೆ ಕೋರಿ, 'ನಾಟ್' ಅನ್ನು ಒಂದೇ ಸಲ ಓದಿಕೊಳ್ಳತಕ್ಕದ್ದು ಎಂದು ತಿದ್ದುಪಡಿ ಕಳಿಸಿಬಿಟ್ಟಿದ್ದರು. ಆ ಹುಡುಗಿ, ಧನ್ಯವಾದ, ಆದರೆ ನಮ್ಮದೇ ಹೆಚ್ಚು ಚೆನ್ನಾಗಿದೆ ಎಂದು ಬರೆದಿದ್ದಳು. ಮಾಮಾ ಅದನ್ನೂ ಫೈಲಿಗೆ ಹಾಕಿದರು.

ಆ ಫೈಲಿನ ಬಗ್ಗೆ ಇಲ್ಲೇ ಹೇಳಬೇಕು. ಕಂಪನಿಯಿಂದ ಹೊರಹೋದ ಸಂದೇಶಗಳ ಫೈಲು ಪ್ರತಿ ಸೋಮವಾರ ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಒಬ್ಬರು ಮೇಲೆ ಮೇಲೆ ತಿರುವಿ ಕೊನೆಯ ಹಾಳೆಗೆ ಸಹಿ ಹಾಕುತ್ತಿದ್ದರು. ಆ ಒಬ್ಬರು ನನ್ನ ಚಿಕ್ಕಪ್ಪ. ನಮ್ಮ ಭಾನುವಾರಗಳು ಅವರಿಗೆ ಗೊತ್ತಿದ್ದವು. "ಏನಮ್ಮಾ, ಈ ವಾರ ಭೂಮಿ ಎಷ್ಟು ಡಿಗ್ರಿ ಇಳೀತು?" ಎಂದು ರೇಗಿಸುವರು. ಸೇಠನಿಗೆ ಹೇಳಿರಲಿಲ್ಲ. ಹೇಳುವಂಥದ್ದೇನೂ ಅದರಲ್ಲಿ ಇರಲೂ ಇಲ್ಲ, ಆ ಕೊನೆಯ ಸಂದೇಶದವರೆಗೆ.

ಚಿಲಿಯವರು ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ದೊಡ್ಡ ಮಾತು ಸಾಕು. ನಿಮ್ಮ ಕಿಟಕಿಯಿಂದ ಕಾಣುವ ಒಂದು ಹೊಗೆಯ ಬಗ್ಗೆ ಬರೆಯಿರಿ, ಅದನ್ನು ನಿಲ್ಲಿಸಲು ನೀವೇನು ಮಾಡುತ್ತೀರಿ ಹೇಳಿ. ಕಚೇರಿಯ ಹಿಂದಿನ ಕಿಟಕಿಯಿಂದ ಒಂದು ಹೊಗೆ ಕಾಣುತ್ತಿತ್ತು. ಸೇಠನದೇ ಬಣ್ಣದ ಕಾರ್ಖಾನೆಯ ಬಾಯ್ಲರು. ಭಾನುವಾರ ಹನ್ನೊಂದರ ಹೊತ್ತಿಗೆ ಅದರ ಚಿಮಣಿಯಿಂದ ಕಪ್ಪನೆಯ, ದಪ್ಪನೆಯ ಹೊಗೆ ಏಳುತ್ತಿತ್ತು. ಮಾಮಾ ಎದ್ದು ಕಿಟಕಿ ಮುಚ್ಚುತ್ತಿದ್ದರು. ಆಚೆಯ ಗುಡಿಸಲುಗಳಿಗೆ ಕಿಟಕಿಯಿರಲಿಲ್ಲ.

"ಎಂತ ವಾಸನೆ ಇದು? ಟಯರ್ ಸುಟ್ಟ ಹಾಗೆ," ಎಂದು ಗಣೇಶ ಕೇಳಿದ.

"ಟಯರೇ. ಹಳೇ ಟ್ಯೂಬು, ರಬ್ಬರು."

"ದಿನಾ ಸುಡ್ತಾರಾ?" ಎಂದು ನಾನು.

"ವಾರದ ದಿನ ಇಲ್ಲ ರಿಪೀಟ್ ಇಲ್ಲ. ಭಾನುವಾರ ಚೆಕ್ ಮಾಡೋರು ಬರಲ್ಲ."

ಅವರು ಅದನ್ನು ಹವಾಮಾನ ಹೇಳುವ ಹಾಗೆ ಹೇಳಿದರು. ನಾನು ಅದನ್ನು ಹಾಗೇ ಬರೆದುಕೊಂಡೆ. ಮುಂದಿನ ಭಾನುವಾರಕ್ಕೆ ನನ್ನ ಸಂದೇಶ ಸಿದ್ಧವಾಗಿತ್ತು: ಚಿಮಣಿ, ಗುಡಿಸಲು, ಹೊಗೆಯ ಬಣ್ಣ, ಎಸ್ಟೇಟಿನ ಹೆಸರು. ಕೊನೆಗೆ, ಇಲ್ಲಿ ಕೆಲಸ ಮಾಡುವ ಒಬ್ಬರು ಹೇಳುತ್ತಾರೆ ಎಂದು ಆ ಮಾತು. ನನ್ನ ಹತ್ತೊಂಬತ್ತರ ವಯಸ್ಸಿಗೆ ಅದು ಬಹಳ ಧೈರ್ಯದ ಬರಹವಾಗಿ ಕಂಡಿತ್ತು. ಅದರ ಪರಿಹಾರ ಭಾಗದಲ್ಲಿ, ಇದನ್ನು ಎಲ್ಲರಿಗೂ ತಿಳಿಸುವುದೇ ನಮ್ಮ ಮೊದಲ ಕೆಲಸ ಎಂದು ಬರೆದಿದ್ದೆ.

ಮಾಮಾ ಹಾಳೆಯನ್ನು ಕಂಪ್ಯೂಟರಿನ ಪಕ್ಕ ನಿಲ್ಲಿಸಿಕೊಂಡು ಹೊಡೆಯತೊಡಗಿದರು. ಕೊನೆಯ ಪ್ಯಾರಾಕ್ಕೆ ಬಂದಾಗ ಕೈ ನಿಂತಿತು. ಅವರ ಕೈ ನಿಂತದ್ದನ್ನು ನೋಡಿದ್ದು ಅದೊಂದೇ ಸಲ.

"ಇಲ್ಲಿ ಕೆಲಸ ಮಾಡೋ ಒಬ್ಬರು," ಎಂದು ಗಟ್ಟಿಯಾಗಿ ಓದಿದರು. ನನ್ನ ಕಡೆ ತಿರುಗಲಿಲ್ಲ. "ಇಂಗ್ಲಿಷ್ ಬಲ್ಲೋರು ಇಲ್ಲಿ ಎಷ್ಟು ಜನ ಕೆಲಸ ಮಾಡ್ತೀವಿ ಗೊತ್ತೇನಮ್ಮ?"

ನನಗೆ ಗೊತ್ತಿರಲಿಲ್ಲ.

"ಸೇಠನ್ನ ಬಿಟ್ರೆ ಮೂರು."

"ಬೇಡ ಅಂದ್ರೆ ತೆಗೆದುಬಿಡ್ತೀನಿ ಮಾಮಾ" ಎಂದೆ. ಹಾಗೆಂದೆ ಎಂದು ನನ್ನ ನೆನಪು. ದಿನಚರಿಯಲ್ಲಿ ಇಲ್ಲ. ಕೆಲವು ವರ್ಷಗಳ ಹಿಂದೆ ವೈಶಾಲಿಯನ್ನು ಕೇಳಿದೆ. ಅವಳು ತಡಮಾಡದೆ, "ತೂ ಕಾಹೀಚ್ ಬೋಲಲೀ ನವ್ಹತೀಸ್," ಎಂದಳು. ನೀನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು ಎಂದು ಆಮೇಲೆ ಸಾವಿರ ಸಲ ಅಂದುಕೊಂಡದ್ದೇ ಈಗ ಅಂದ ಹಾಗೆ ಕೇಳಿಸುತ್ತಿರಬೇಕು.

"ಇದು ಸುಳ್ಳಾ?" ಎಂದು ಮಾಮಾ ಕೇಳಿದರು. ಯಾರನ್ನು ಕೇಳಿದರೋ. ಕಿಟಕಿ ಮುಚ್ಚಿತ್ತು, ವಾಸನೆ ಆಗಲೇ ಒಳಗೆ ಬಂದಿತ್ತು. "ಸುಳ್ಳಲ್ಲ ರಿಪೀಟ್ ಅಲ್ಲ. ಆಯ್ತು." ಮತ್ತೆ ಬೆರಳು ಓಡಿದವು. ನಾನು ಒಂದೇ ಬರೆದಿದ್ದ 'ನಾಟ್' ಪರದೆಯ ಮೇಲೆ ಎರಡಾಯಿತು. ಸಂದೇಶ ಹೋಯಿತು. ಅವರು ಪ್ರಿಂಟ್ ತೆಗೆದು, ಎರಡು ತೂತು ಹೊಡೆದು, ಸೇಠನ ಬಾಯ್ಲರಿನ ವಿರುದ್ಧದ ದೂರನ್ನು ಸೇಠನದೇ ಫೈಲಿನಲ್ಲಿ ಅದರ ದಿನಾಂಕದ ಜಾಗಕ್ಕೆ ಸೇರಿಸಿದರು.

"ಮಾಮಾ, ಅದನ್ನ ಯಾಕೆ ಇಡ್ತೀರಿ?" ಎಂದ ಗಣೇಶ. ನಮ್ಮಲ್ಲಿ ಅವನೊಬ್ಬನಿಗೆ ವ್ಯವಹಾರ ಗೊತ್ತಿತ್ತು. "ಹರಿದು ಬಿಸಾಡಿ ಮಾರಾಯ್ರೇ. ಯಾರು ನೋಡ್ತಾರೆ?"

"ಅದಕ್ಕೇ ಇಡೋದು. ಯಾರೂ ನೋಡಲ್ಲ ಅಂತ ಹರಿದ್ರೆ, ಯಾರೂ ನೋಡಲ್ಲ ಅಂತ ಭಾನುವಾರ ಟಯರ್ ಸುಡೋನಿಗೂ ನನಗೂ ಏನೋ ವ್ಯತ್ಯಾಸ?"

ಗಣೇಶ ಇಡ್ಲಿಯ ಪೊಟ್ಟಣ ಬಿಚ್ಚಿದ. ನಾವು ತಿಂದೆವು. ಚಟ್ನಿ ಹಳಸಿದೆ ಎಂದು ವೈಶಾಲಿ ಗಲಾಟೆ ಮಾಡಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಒಂದನೇ ಮಹಡಿಗೆ ಇಳಿದರೆ ಬಾಗಿಲು ತೆರೆದೇ ಇತ್ತು. ಮಾಮಾ ಪೈಜಾಮದಲ್ಲಿ ಕೂತು ಮಾಮಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದರು. ಗುರುವಾರವೇ ಕಚೇರಿಯ ಬೀಗದ ಕೈ ತೆಗೆದುಕೊಂಡಿದ್ದಾರೆ ಎಂದರು. ಟೆಲೆಕ್ಸ್ ಲೈನು ಮುಚ್ಚುತ್ತಿದ್ದಾರೆ, ಆಪರೇಟರಿನ ಅಗತ್ಯವಿಲ್ಲ ಎಂದು ಪತ್ರ ಕೊಟ್ಟಿದ್ದರು. ಸಂದೇಶದ ಬಗ್ಗೆ ಅದರಲ್ಲಿ ಒಂದು ಅಕ್ಷರವಿರಲಿಲ್ಲ.

"ಆದ್ರೆ ಕಂಪ್ಯೂಟರ್ ಕಲ್ತಿದ್ದೀರಲ್ಲ ಮಾಮಾ. ಅದಕ್ಕೇ ತಾನೇ ಕಲ್ತಿದ್ದು?"

"ಅದನ್ನ ಸೇಠೂ ಕಲ್ತ."

ಒಳಗಿಂದ ಮಾಮಿ, "ಹೇಳಿಬಿಡಿ ಅವಳಿಗೆ," ಎಂದರು.

"ಏನೂ ಇಲ್ಲ ರಿಪೀಟ್ ಇಲ್ಲ," ಎಂದು ಮಾಮಾ ಅಷ್ಟೇ ಗಟ್ಟಿಯಾಗಿ ಹೇಳಿದರು. ನಂತರ ಮೆಲ್ಲನೆ: "ಸೇಠ್ ಟೇಬಲ್ ಮೇಲೆ ಆ ಹಾಳೆ ಇತ್ತು. ಫೈಲಿಂದ ತೆಗೆದದ್ದು. ಕೆಂಪು ಪೆನ್ನಲ್ಲಿ ಆ ಎರಡು ನಾಟ್‌ಗೂ ಸುತ್ತು ಹಾಕಿದ್ರು."

ನಾನು ಕೇಳಿದೆ: "ಹಾಳೆ ಯಾರು ಕೊಟ್ಟರು?"

ಅವರು ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಹಾರಿಸಿದರು. "ಯಾರು ಕಳಿಸಿದ್ರು ಅಂತ ಆಪರೇಟರು ಕೇಳಬಾರದು. ತಲುಪಿತಾ ಅಂತ ಕೇಳಬೇಕು. ಆ ಚಿಲಿ ಹುಡುಗರಿಗೆ ತಲುಪಿತೋ ಇಲ್ವೋ, ಅದು ನೋಡಕ್ಕಾಗ್ಲಿಲ್ಲ ನೋಡು. ಅದೊಂದೇ."

ನನಗೂ ನೋಡಲಾಗಲಿಲ್ಲ. ಬೇರೆ ಫೋನು, ಬೇರೆ ಕಂಪ್ಯೂಟರ್ ಎಲ್ಲೂ ಸಿಗಲಿಲ್ಲ. ಒಂದು ಕಾಗದ ಬರೆದು ಅಂಚೆಗೆ ಹಾಕಿದೆ, ಉತ್ತರ ಬರಲಿಲ್ಲ. ವಿಳಾಸ ಬದಲಾಗಿತ್ತೋ, ನನ್ನ ಕೈಬರಹವೋ. ಅವರೆಲ್ಲ ಆ ಭಾನುವಾರ ನಮ್ಮ ಹೊಗೆಯ ಬಗ್ಗೆ ಏನಂದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬಾಯ್ಲರು ಮಾತ್ರ ಉರಿಯುತ್ತಲೇ ಇತ್ತು. ಆರು ತಿಂಗಳ ನಂತರ ಗಣೇಶ ಆ ಕಡೆ ಹೋಗಿ ನೋಡಿ ಬಂದಿದ್ದ. ಈಗ ಶನಿವಾರವೂ ಎಂದ.

ಮಾಮಾ ಘಾಟ್ಕೋಪರ್ ಸ್ಟೇಷನ್ನಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕೂರತೊಡಗಿದರು. ಊರಿಗೆ ಫೋನ್ ಮಾಡಲು ಬರುವ ವಿಜಾಪುರ, ಗುಲ್ಬರ್ಗಾ ಕಡೆಯ ಕಟ್ಟಡ ಕೆಲಸದವರಿಗೆ, ಹೇಳಬೇಕಾದ್ದನ್ನು ಮೊದಲು ಮನಸ್ಸಲ್ಲಿ ಜೋಡಿಸಿಕೊಳ್ಳಿ, ಮುಖ್ಯವಾದದ್ದನ್ನು ಎರಡು ಸಲ ಹೇಳಿ ಎಂದು ಕಲಿಸುತ್ತಿದ್ದರು. "ಸಾಹೇಬ್ರ, ಎರಡು ಸಲಾ ಹೇಳಿದ್ರ ನಮ್ಮವ್ವ ಅಂಜತಾಳ್ರಿ, ಏನೋ ಆಗೇತಿ ಅಂತ," ಎಂದು ಒಬ್ಬ ಹೇಳಿದ್ದನ್ನು ನನಗೆ ಹೇಳಿ ನಕ್ಕರು. ನಾನು ಆ ದಾರಿಯಲ್ಲಿ ಹೋಗುವುದನ್ನು ಕಡಿಮೆ ಮಾಡಿದೆ. ಮಾಡಿದೆ ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು. ಅವರು ಒಮ್ಮೆಯೂ ನನ್ನ ಸಂದೇಶದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನಾನು ಎದುರಿಗೆ ಕೂತು ಅಳಬಹುದಿತ್ತು. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಹೋಗಿಬಿಟ್ಟರು. ಹೃದಯ. ಬೂತಿನಿಂದ ಮನೆಗೆ ಬಂದು ನೀರು ಕೇಳಿದರಂತೆ, ಮಾಮಿ ತರುವಷ್ಟರಲ್ಲಿ ಬೇಡವಾಗಿತ್ತು. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ನನ್ನ ಚಿಕ್ಕಪ್ಪ ಒಬ್ಬರು. ನಡುವೆ ಹೆಗಲು ಬದಲಿಸಲು ಬಂದವರಿಗೆ ಅವರು ಬಿಟ್ಟುಕೊಡಲಿಲ್ಲ ಎಂದು ಅಪ್ಪ ಹೇಳಿದರು. ಅಂದು ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಚಿಕ್ಕಪ್ಪ ಊಟ ಮಾಡಲಿಲ್ಲ. ಮರುದಿನವೂ ಇಲ್ಲ.

ಆ ಕಂಪನಿಯಲ್ಲಿ ಚಿಕ್ಕಪ್ಪ ಮತ್ತೂ ಹನ್ನೆರಡು ವರ್ಷ ದುಡಿದರು. ಸಂದೇಶದ ಕೆಳಗೆ ನನ್ನ ಹೆಸರಿತ್ತು, ನಮ್ಮಿಬ್ಬರದೂ ಒಂದೇ ಮನೆತನದ ಹೆಸರು. ಆದರೂ ಯಾರೂ ನಮ್ಮ ಮನೆಯ ಬಾಗಿಲು ತಟ್ಟಲಿಲ್ಲ. ನಾನು ಎಂ.ಎಸ್ಸಿ. ಓದಿದ್ದು ಅವರ ಸಂಬಳದಲ್ಲಿ. ಈಗ ನಾನು ಮಾಡುವ ಕೆಲಸ, ಗಾಳಿಯಲ್ಲಿ ಏನಿದೆ ಎಂದು ಅಳೆದು ವರದಿ ಬರೆಯುವುದು, ಆ ಓದಿನಿಂದ ಬಂದದ್ದು. ಸೇಠ್ ಕರೆದು, ಭಾನುವಾರ ಇಲ್ಲಿ ಯಾರು ಕೂರುತ್ತಾರೆ ಎಂದು ಕೇಳಿರಬಹುದು. ಚಿಕ್ಕಪ್ಪ ಒಂದು ಹೆಸರು ಹೇಳಿ ಇನ್ನೊಂದನ್ನು ನುಂಗಿರಬಹುದು. ಅಥವಾ ಸೋಮವಾರ ಫೈಲು ತಿರುವುವಾಗ ತಾವೇ ಕಂಡು, ಮನೆಯ ಹುಡುಗಿಯ ಹೆಸರು ಬೇರೆಯವರ ಕಣ್ಣಿಗೆ ಬೀಳುವ ಮೊದಲು ತಾವೇ ಕೊಂಡೊಯ್ದಿರಬಹುದು. ಅಥವಾ ಅವರಿಗೆ ಅದಕ್ಕೂ ಮೊದಲೇ ಗೊತ್ತಿದ್ದೂ ತಡೆಯದೆ ಇದ್ದಿರಬಹುದು.

ಕೊನೆಯದು ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಸಂದೇಶ ಕಳಿಸಿದ ಹಿಂದಿನ ದಿನ, ಶನಿವಾರ, ನನ್ನ ದಿನಚರಿಯಲ್ಲಿ ಎರಡೇ ವಾಕ್ಯವಿದೆ: 'ನಾಳೆ ಕಳಿಸುವುದನ್ನು ಎಲ್ಲರಿಗೂ ಓದಿ ಹೇಳಿದೆ. ಚೆನ್ನಾಗಿದೆ ಎಂದರು.' ಎಲ್ಲರಿಗೂ ಎಂದರೆ ಕಾಲೇಜಿನಲ್ಲಿ ವೈಶಾಲಿ ಮತ್ತು ಗಣೇಶನಿಗೆ ಇರಬಹುದು. ಮನೆಯಲ್ಲಿ ಊಟದ ಹೊತ್ತಿಗೂ ಇರಬಹುದು. ಆ ವಯಸ್ಸಿನಲ್ಲಿ ನಾನು ಬರೆದದ್ದನ್ನೆಲ್ಲ ಊಟದ ಹೊತ್ತಿಗೆ ಓದುತ್ತಿದ್ದೆ. ಗೆಳೆಯರಿಬ್ಬರನ್ನೂ ಕೇಳಿ ನೋಡಿದೆ, ಅವರಿಗೆ ನೆನಪಿಲ್ಲ. ಅಪ್ಪ ಅಮ್ಮ ಈಗಿಲ್ಲ.

ಹೋದ ದೀಪಾವಳಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ್ದಾರೆ, ಕಿವಿ ಸರಿಯಾಗಿದೆ. ಹೊರಗೆ ಪಟಾಕಿಯ ಹೊಗೆ ಎಂದು ಅವರನ್ನು ನೋಡಿಕೊಳ್ಳುವ ಹುಡುಗಿ ಬಾಲ್ಕನಿಯ ಬಾಗಿಲು ಎಳೆದು ಹೋದಳು. ಒಳಗೆ ನಾವಿಬ್ಬರೇ. ನಾನು ಕೇಳಿದೆ. ಅವರು ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಮುರಿದರು, ಮತ್ತೆ ಮುರಿದರು, ತಿನ್ನಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದ್ದಾರೆ, ಮಂಡಿನೋವಿನ ಬಗ್ಗೆ, ಬಿಲ್ಡಿಂಗಿನ ಲಿಫ್ಟಿನ ಬಗ್ಗೆ. ಅದಕ್ಕೆ ಮಾತ್ರ ಇನ್ನೂ ಉತ್ತರವಿಲ್ಲ.

ನಾನು ಕೇಳಿದ್ದು ಇಷ್ಟೇ: "ಚಿಕ್ಕಪ್ಪ, ಆ ಶನಿವಾರ ನಾನು ಓದಿದಾಗ ಚೆನ್ನಾಗಿದೆ ಅಂದವರಲ್ಲಿ ನೀವೂ ಇದ್ರಾ?"